ದಿನಾ ಟ್ರಯಲ್ ಎಂಬ ಪಿಡುಗು

ನಮ್ಮ ದೇಶದಲ್ಲಿ ಅತಿ ಹೆಚ್ಚು ಜನ ಓಡುವ ಮಧ್ಯಮ ದೂರದ ಓಟ ಯಾವುದು? ಕ್ರೀಡಾಪುಟ ಓದುವವರು 800 ಮೀಟರ್ ಎಂದಾರು, 1500 ಎಂದಾರು. ಎರಡೂ ಅಲ್ಲ, 1600 ಮೀಟರ್. ಒಲಿಂಪಿಕ್ಸಿನಲ್ಲಿ ಇಲ್ಲದ ಈ ಓಟವನ್ನು ಪೊಲೀಸ್ ಭರತಿ, ಸೈನ್ಯ ಭರತಿಯ ಆಸೆ ಹೊತ್ತ ಲಕ್ಷಗಟ್ಟಲೆ ಹುಡುಗರು ದಿನಬೆಳಗಾದರೆ ಓಡುತ್ತಾರೆ. 2024ರಲ್ಲಿ ಮಹಾರಾಷ್ಟ್ರ ಸರಕಾರ 17,471 ಪೊಲೀಸ್ ಹುದ್ದೆ ತುಂಬಲು ಹೊರಟಾಗ ಬಂದ ಅರ್ಜಿಗಳು 17 ಲಕ್ಷಕ್ಕೂ ಮೇಲೆ. ಅಲ್ಲಿ ಮೈದಾನದ ಪರೀಕ್ಷೆಗೆ 50 ಅಂಕ. ಅದರಲ್ಲಿ ಗಂಡುಮಕ್ಕಳ 1600 ಮೀಟರ್ ಒಂದಕ್ಕೇ 20. ಐದು ನಿಮಿಷ ಹತ್ತು ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ ಅಂಕ. ಹೆಣ್ಣುಮಕ್ಕಳಿಗೆ 800 ಮೀಟರ್, ಎರಡು ನಿಮಿಷ ಐವತ್ತು ಸೆಕೆಂಡ್. ಗಡಿಯ ಈಚೆ ಕರ್ನಾಟಕದ ಕಾನ್‌ಸ್ಟೇಬಲ್ ಹುದ್ದೆಗಾದರೆ ಅದೇ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಟ್ಟಿಸಿದರೂ ನಡೆಯುತ್ತದೆ. ಆದರೆ ಸಾಂಗ್ಲಿ ಜಿಲ್ಲೆಯ ಕನ್ನಡದ ಹುಡುಗ ಓಡಬೇಕಾದ್ದು ಮಹಾರಾಷ್ಟ್ರದ ಗಡಿಯಾರಕ್ಕೆ.

ಮಿರಜದಿಂದ ಪಂಢರಪುರದ ಕಡೆ ಹೋಗುವ ರೈಲುದಾರಿಯಲ್ಲಿ ಆರಗ, ಬೇಳಂಕಿ, ಸಲಗರೆ, ಅದರಾಚೆ ಕವಠೆಮಹಾಂಕಾಳ. ಇನ್ನೂ ಪೂರ್ವಕ್ಕೆ ಹೋದರೆ ಜತ್ತ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ನಡೆಯುವ ಸೀಮೆ. ಮಳೆ ಕಮ್ಮಿ. ಮ್ಹೈಸಾಳ ಏತ ನೀರಾವರಿಯ ನೀರು ಬಂದಲ್ಲಿ ದ್ರಾಕ್ಷಿ, ಬಾರದಲ್ಲಿ ಜೋಳ. ದ್ರಾಕ್ಷಿ ತೋಟ ಇದ್ದವರ ಮಗನೂ, ಆ ತೋಟಕ್ಕೆ ಕೂಲಿಗೆ ಹೋಗುವವರ ಮಗನೂ ನಸುಕಿನಲ್ಲಿ ಒಂದೇ ರಸ್ತೆಯ ಮೇಲೆ ಓಡುತ್ತಿರುತ್ತಾರೆ. ಖಾಕಿ ಬಟ್ಟೆ ಸಿಕ್ಕರೆ ಮನೆ ನಿಲ್ಲುತ್ತದೆ ಎಂಬ ಲೆಕ್ಕ ಇಬ್ಬರದೂ. ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಇರುವುದು ಅವರನ್ನು ಓಡಿಸುವ ರೀತಿಯ ಮೇಲೆ.

ಆ ರೀತಿ ಒಂದೇ ಸಾಲಿನದು. ದಿನಾ ಬೆಳಿಗ್ಗೆ ‘ಸೋಳಾಶೆ’ಯನ್ನು, ಅಂದರೆ 1600 ಮೀಟರನ್ನು, ಜೀವ ಬಿಟ್ಟು ಓಡು, ನಿನ್ನೆಗಿಂತ ಇವತ್ತು ಟೈಮಿಂಗ್ ಕಮ್ಮಿ ಬರಬೇಕು, ಬರದಿದ್ದರೆ ನೂರು ಬೈಠಕ್. ಭರತಿ ಅಕಾಡೆಮಿಗಳಲ್ಲಿ ಹೀಗೇ, ಅಕಾಡೆಮಿಗೆ ದುಡ್ಡಿಲ್ಲದೆ ಊರಲ್ಲೇ ತಯಾರಿ ನಡೆಸುವ ಗುಂಪುಗಳಲ್ಲೂ ಹೀಗೇ. ಓಡಿಸುವವರಿಗೆ ಇದರಲ್ಲಿ ಎಳ್ಳಷ್ಟು ಸಂಶಯವಿಲ್ಲ. ವಾಂತಿ ಮಾಡಿಕೊಂಡವನೇ ಶೂರ, ನಿಧಾನ ಓಡಿದವನು ಕಳ್ಳ, ಒಂದು ದಿನ ವಿಶ್ರಾಂತಿ ಕೇಳಿದವನು ಹೊಟ್ಟೆಗೆ ಹೊರೆ.

ನಾನು ಹೇಳುವುದಿಷ್ಟು: ದಿನಾ ನಡೆಯುವ ಈ ಟ್ರಯಲ್ ತರಬೇತಿಯೇ ಅಲ್ಲ, ಬರೀ ಅಳತೆ. ಸ್ಟಾಪ್‌ವಾಚ್ ಒತ್ತುವುದರಿಂದ ಯಾರ ದಮ್ಮೂ ಹೆಚ್ಚುವುದಿಲ್ಲ. ಇದ್ದ ದಮ್ಮು ಎಷ್ಟು ಎಂಬುದು ತಿಳಿಯುತ್ತದೆ, ಅಷ್ಟೆ. ಅದನ್ನೇ ದಿನಾ ತಿಳಿದುಕೊಳ್ಳುತ್ತಾ ಹೋದರೆ ಇದ್ದದ್ದೂ ಕರಗುತ್ತದೆ.

ಆ ಭಾಗದ ಹುಡುಗನೊಬ್ಬನ ವಹಿ ನೋಡಿದ್ದೇನೆ. ಎರಡು ರೂಲಿನ ಶಾಲೆಯ ವಹಿ. ಎಡಕ್ಕೆ ತಾರೀಖು, ಬಲಕ್ಕೆ ಟೈಮಿಂಗ್, ನೀಲಿ ಬಾಲ್‌ಪೆನ್ನಿನಲ್ಲಿ ಬಲು ನೀಟಾಗಿ ಬರೆದದ್ದು. 5:48. 5:41. 5:36. 5:35. ಇಲ್ಲಿಯವರೆಗೆ ಅಂಕಿಗಳ ಸುತ್ತ ಗೋಲು ಹಾಕಿ ಮೆರೆಸಿದ್ದ. ಅಲ್ಲಿಂದ 5:39, 5:44, 5:50. ಆಮೇಲೆ ಖಾಲಿ.

“ಮುಂದ ಯಾಕ ಬರದಿಲ್ಲೋ ತಮ್ಮಾ?”

“ಕಾಲಿನ ಎಲುಬು ನೋಯಾಕ ಹತ್ತೈತ್ರಿ. ಓಡಿಸೋ ಸರ್ ಅಂದ್ರು, ನೋವು ಅಂದ್ರ ಎಲುಬು ಗಟ್ಟಿ ಆಗಾಕ ಹತ್ತೈತಿ, ಬಿಡಬ್ಯಾಡ ಅಂತ. ಎಂಟ ದಿನ ಓಡಿದ್ನಿ. ಆಮ್ಯಾಲ ನಡೀಲಿಕ್ಕೂ ಆಗಲಿಲ್ರೀ.”

ನೋವು ಅಂದರೆ ಎಲುಬು ಗಟ್ಟಿಯಾಗುವುದು ಎಂಬ ಆ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ಅದು ಪೂರ್ತಿ ಸುಳ್ಳಿಗಿಂತ ಅಪಾಯ. ಓಟದ ಪೆಟ್ಟು ಬಿದ್ದಾಗ ಎಲುಬು ತನ್ನನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಖರೆ. ಆದರೆ ಕಟ್ಟುವ ಮುಂಚೆ ಹಳೆಯದನ್ನು ಕೆದರಿ ತೆಗೆಯುತ್ತದೆ. ಕೆದರುವ ಕೆಲಸ ಬೇಗ, ತುಂಬುವ ಕೆಲಸ ನಿಧಾನ. ನಡುವಿನ ಕೆಲವು ವಾರ ಆ ಎಲುಬು ಮೊದಲಿಗಿಂತ ಮೆತ್ತಗಿರುತ್ತದೆ. ಅತ್ತ ಹೃದಯ, ಶ್ವಾಸಕೋಶ, ರಕ್ತ ಎರಡು ಮೂರು ವಾರದಲ್ಲೇ ಹುರುಪುಗೊಂಡು ‘ಇನ್ನೂ ಓಡು’ ಎನ್ನುತ್ತಿರುತ್ತವೆ. ಇತ್ತ ಎಲುಬಿಗೆ, ಸ್ನಾಯುವಿನ ತುದಿಗಳಿಗೆ ತಿಂಗಳುಗಟ್ಟಲೆ ಬೇಕು. ಟೈಮಿಂಗ್ ಚೆನ್ನಾಗಿ ಬರುತ್ತಿರುವ ಹೊತ್ತಿಗೇ ಮೊಣಕಾಲ ಕೆಳಗಿನ ಎಲುಬು ಕೈಕೊಡುವುದು ಈ ಕಾರಣಕ್ಕೆ. ವಹಿಯಲ್ಲಿ 5:35ರ ಸುತ್ತ ಗೋಲು ಹಾಕಿದ ದಿನವೇ ಆ ಹುಡುಗನ ಎಲುಬಿನೊಳಗೆ ಕೆಡುಕು ಶುರುವಾಗಿತ್ತು. ಆಗ ಅವನಿಗೆ ಬೇಕಿದ್ದದ್ದು ಹತ್ತು ದಿನದ ಹಗುರ ಓಟ. ಸಿಕ್ಕದ್ದು ಬೈಗುಳ.

ಇನ್ನು ದಮ್ಮಿನ ವಿಚಾರ. 1600 ಮೀಟರ್ ಸಣ್ಣ ಓಟ, ಆದ್ದರಿಂದ ಜೋರಾಗಿ ಓಡಿಯೇ ಕಲಿಯಬೇಕು ಎಂಬುದು ಓಡಿಸುವವರ ಮೂಲ ವಾದ. ಆಸ್ಟ್ರೇಲಿಯಾದ ಸ್ಪೆನ್ಸರ್ ಮತ್ತು ಗ್ಯಾಸ್ಟಿನ್ ಎಂಬ ಸಂಶೋಧಕರು ನುರಿತ ಓಟಗಾರರನ್ನು ಅಳೆದು 2001ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಹೇಳುತ್ತದೆ. 800 ಮೀಟರಿಗೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, 1500 ಮೀಟರಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು, ಉಸಿರಾಡಿದ ಆಮ್ಲಜನಕದಿಂದಲೇ ಬರುತ್ತದೆ. ಅಂದರೆ ಐದು ನಿಮಿಷದ ಈ ಓಟ ನೋಡಲು ಜಗಳದಂತಿದ್ದರೂ ಒಳಗೆ ನಡೆಯುವುದು ಬಹುಪಾಲು ದೂರದ ಓಟದ್ದೇ ಕೆಲಸ. ಆ ಕೆಲಸಕ್ಕೆ ಬೇಕಾದ ಸಣ್ಣ ರಕ್ತನಾಳಗಳೂ, ಸ್ನಾಯುವಿನೊಳಗೆ ಆಮ್ಲಜನಕವನ್ನು ಉರಿಸುವ ಕಣಗಳೂ ಬೆಳೆಯುವುದು ಹೆಚ್ಚಾಗಿ ನಿಧಾನ ಓಟದಲ್ಲಿ: ಪಕ್ಕದವನ ಜೊತೆ ಮಾತಾಡಿಕೊಂಡು ಹೋಗಬಹುದಾದ ನಲವತ್ತು ನಿಮಿಷ, ಐವತ್ತು ನಿಮಿಷದ ಓಟದಲ್ಲಿ. ನಮ್ಮ ಗುರುಗಳು ‘ಕಳ್ಳತನ’ ಎಂದು ಬೈಯುವ ಓಟ ಅದೇ.

ಇದು ಪುಸ್ತಕದ ಬದನೆಕಾಯಿ ಎನ್ನುವವರಿಗೆ ನಡೆದದ್ದನ್ನೇ ಹೇಳುತ್ತೇನೆ. ನಮ್ಮ 1600 ಮೀಟರ್ ಎಂದರೆ ಇಂಗ್ಲಿಷರ ಮೈಲಿಗೆ ಒಂಬತ್ತು ಮೀಟರ್ ಕಮ್ಮಿ. ಆ ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದವನು ರೋಜರ್ ಬ್ಯಾನಿಸ್ಟರ್, 1954ರ ಮೇ 6ರಂದು, ಆಕ್ಸ್‌ಫರ್ಡಿನಲ್ಲಿ, 3:59.4. ವೈದ್ಯಕೀಯ ಓದುತ್ತಿದ್ದ ಹುಡುಗ. ಅಭ್ಯಾಸಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದ ಬಿಡುವು. ಹತ್ತು ಬಾರಿ 440 ಗಜ, ನಡುವೆ ಎರಡೆರಡು ನಿಮಿಷ ಸುಧಾರಿಸಿಕೊಳ್ಳುವುದು. ಇದು ಅವನ ಮುಖ್ಯ ಕಸರತ್ತು. ಆ ವಸಂತದಲ್ಲಿ ಒಂದೊಂದು ಸುತ್ತು 61 ಸೆಕೆಂಡಿಗೆ ಬಂದು ನಿಂತಿತು. ಏನು ಮಾಡಿದರೂ ಕೆಳಗಿಳಿಯಲಿಲ್ಲ. ನಮ್ಮ ಅಕಾಡೆಮಿಯಲ್ಲಿ ಇದ್ದಿದ್ದರೆ ಹತ್ತನ್ನು ಹದಿನೈದು ಮಾಡಿಸುತ್ತಿದ್ದರು. ಬ್ಯಾನಿಸ್ಟರ್ ಮತ್ತು ಗೆಳೆಯ ಕ್ರಿಸ್ ಬ್ರಾಷರ್ ಓಟ ಬಿಟ್ಟು ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಮೂರು ನಾಲ್ಕು ದಿನ ಓಡಲೇ ಇಲ್ಲ. ಮರಳಿ ಬಂದು ಓಡಿದರೆ ಸುತ್ತಿಗೆ 59 ಸೆಕೆಂಡ್! ದಾಖಲೆಯ ಓಟಕ್ಕೆ ಮೊದಲು ಅವನು ಮತ್ತೆ ಐದು ದಿನ ವಿಶ್ರಾಂತಿ ತೆಗೆದುಕೊಂಡ. ಅಭ್ಯಾಸದಲ್ಲಿ ಒಮ್ಮೆಯೂ ನಾಲ್ಕು ನಿಮಿಷದ ಮೈಲಿ ಓಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಓಡುವ ದಿನ ಓಡಿದ.

ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ, ಯಾವ ಪದವಿಯೂ ಇರಲಿಲ್ಲ. 800 ಮೀಟರ್ ಓಡುವ ಪೀಟರ್ ಸ್ನೆಲ್‌ನನ್ನು ಮ್ಯಾರಥಾನ್ ಓಟಗಾರರ ಜೊತೆ ಗುಡ್ಡದ ದಾರಿಯಲ್ಲಿ ವಾರಕ್ಕೆ ನೂರು ಮೈಲಿ ಓಡಿಸಿದ. ಜೋರು ಓಟ ಕಡೆಯ ಕೆಲವು ವಾರಕ್ಕೆ ಮಾತ್ರ. ಜನ ನಕ್ಕರು. ಸ್ನೆಲ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 800 ಗೆದ್ದ, 1964ರಲ್ಲಿ ಟೋಕಿಯೋದಲ್ಲಿ 800, 1500 ಎರಡನ್ನೂ ಗೆದ್ದ. 1961ರ ಡಿಸೆಂಬರಿನಲ್ಲಿ ಮ್ಯಾರಥಾನ್ ಓಡಿ, 1962ರ ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ 800 ಮೀಟರಿನ ವಿಶ್ವದಾಖಲೆ ಮಾಡಿದ, 1:44.3. ಅದೂ ಹುಲ್ಲಿನ ಟ್ರ್ಯಾಕಿನ ಮೇಲೆ. ಸಿಂಥೆಟಿಕ್ ಟ್ರ್ಯಾಕ್ ಇಲ್ಲದ್ದಕ್ಕೇ ನಮ್ಮವರು ಹಿಂದೆ ಎಂದು ಅಳುವವರು ಇದನ್ನು ಮತ್ತೊಮ್ಮೆ ಓದಬೇಕು. ಭರತಿಯ ಹುಡುಗ ವಾರಕ್ಕೆ ನೂರು ಮೈಲಿ ಓಡಬೇಕು ಎಂದು ನಾನು ಹೇಳುತ್ತಿಲ್ಲ. ಅಷ್ಟು ಉಣ್ಣಲು ಅವನ ಮನೆಯಲ್ಲಿ ಇಲ್ಲ. ಬುನಾದಿ ಮೊದಲು, ವೇಗ ಆಮೇಲೆ ಎಂಬ ಕ್ರಮ ಮಾತ್ರ ಐದು ನಿಮಿಷದವನಿಗೂ ಒಂದೇ, ಒಲಿಂಪಿಕ್ಸಿನವನಿಗೂ ಒಂದೇ.

ಅಷ್ಟು ದೂರ ಯಾಕೆ, ಪಕ್ಕದ ಸಾತಾರಾ ಜಿಲ್ಲೆಗೆ ಬನ್ನಿ. ಮಾಣ ತಾಲೂಕಿನ ಮೋಹಿ ಎಂಬ ಬರದ ಊರಿನ ಲಲಿತಾ ಬಾಬರ್. ಜತ್ತ, ಕವಠೆಮಹಾಂಕಾಳದಂಥದೇ ನೆಲ. 2015ರಲ್ಲಿ ಮುಂಬೈ ಮ್ಯಾರಥಾನಿನಲ್ಲಿ ಭಾರತೀಯ ಮಹಿಳೆಯರಲ್ಲಿ ಎರಡನೆಯವಳಾದಳು. ಅದೇ ವರ್ಷ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್ಪಿನ 3000 ಮೀಟರ್ ಸ್ಟೀಪಲ್‌ಚೇಸಿನಲ್ಲಿ ಎಂಟನೆಯವಳಾದಳು. ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿ 9:19.76ರ ರಾಷ್ಟ್ರೀಯ ದಾಖಲೆ ಮಾಡಿ ಫೈನಲಿಗೆ ಹೋಗಿ ಹತ್ತನೆಯ ಸ್ಥಾನ ಪಡೆದಳು. ದೂರದ ಓಟದ ಬುನಾದಿ ಮೇಲೆ ನಿಂತ ವೇಗ ಅದು. ಬೀಡ ಜಿಲ್ಲೆಯ ಓಟಗಾರ ಅವಿನಾಶ ಸಾಬಳೆಯ ಕಥೆಯಲ್ಲಿ ಇನ್ನೊಂದು ಪಾಠವಿದೆ. ಹೆಸರಾಂತ ವಿದೇಶಿ ಕೋಚ್ ಕೈಕೆಳಗೆ ಇದ್ದವನು, ಆ ಪದ್ಧತಿ ತನ್ನ ಮೈಗೆ ಒಗ್ಗುವುದಿಲ್ಲವೆಂದು ಬಿಟ್ಟು ಸೈನ್ಯದ ಅಮ್ರೀಶ್ ಕುಮಾರ್ ಬಳಿಗೆ ಮರಳಿದ. ಒಬ್ಬನಿಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗದು. ನೂರು ಹುಡುಗರನ್ನು ಒಂದೇ ಸೀಟಿಗೆ ಓಡಿಸುವವರಿಗೆ ಇದು ತಲೆಗೆ ಹತ್ತುವುದು ಕಷ್ಟ.

ಕೀನ್ಯಾದವರನ್ನು ನೋಡಿ, ಹೇಗೆ ಒದ್ದಾಡುತ್ತಾರೆ ಎಂಬ ಮಾತೂ ಬರುತ್ತದೆ. ನೋಡಿಯೇ ಹೇಳುವವರು ಕಮ್ಮಿ. ಕೀನ್ಯಾದ ಇಟೆನ್‌ನಲ್ಲಿ ವಿಶ್ವದರ್ಜೆಯ ಓಟಗಾರರು ಬೆಳಗಿನ ಹಗುರ ಓಟವನ್ನು ಶುರುಮಾಡುವ ಗತಿಗೆ ನಮ್ಮೂರ ಗೃಹಸ್ಥರೂ ಜೊತೆ ಕೊಡಬಹುದು. ಕಠಿಣ ದಿನ ಕಠಿಣವಾಗಿ ಓಡುತ್ತಾರೆ, ಹಗುರ ದಿನ ಹಗುರವಾಗಿಯೇ ಓಡುತ್ತಾರೆ. ನಮ್ಮಲ್ಲಿ ಎಲ್ಲ ದಿನವೂ ಅರೆಕಠಿಣ.

ಇದೆಲ್ಲ ನಮ್ಮ ರೈತರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ, ಎತ್ತಿನ ವಿಷಯದಲ್ಲಿ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟಮೇಲೆ ಸಾಂಗ್ಲಿ ಸೀಮೆಯಲ್ಲಿ ಎತ್ತಿನ ಗಾಡಿ ಶರ್ಯತ್ತು ಮತ್ತೆ ಜೋರಾಗಿದೆ. ಶರ್ಯತ್ತಿನ ಎತ್ತನ್ನು ದಿನಾ ಗಾಡಿಗೆ ಕಟ್ಟಿ ಬಾರುಕೋಲು ಹಿಡಿದು ಓಡಿಸುವ ಒಬ್ಬ ಗೌಡನನ್ನು ತೋರಿಸಿ. ಅದನ್ನು ನಡೆಸುತ್ತಾನೆ, ಮೈತಿಕ್ಕುತ್ತಾನೆ, ಹುರುಳಿ ಬೇಯಿಸಿ ಹಾಕುತ್ತಾನೆ, ಒಂದು ಕಾಲು ಎಳೆದು ಹಾಕಿದರೂ ಅವತ್ತು ಕೊಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಅದೇ ಗೌಡ ಮಗ ಕುಂಟುತ್ತ ಮನೆಗೆ ಬಂದರೆ ‘ಒಂದ ಗುಳಿಗಿ ತಗೊಂಡ ಓಡು, ನಾಕ ದಿನದಾಗ ಭರತಿ ಐತಿ’ ಎನ್ನುತ್ತಾನೆ.

ಓಡಿಸುವವರ ಎರಡನೆಯ ತಪ್ಪು ವೇಗದ ಹಂಚಿಕೆಯದು. ‘ಮೊದಲನೇ ಸುತ್ತು ಹೊಡಕೋ, ಆಮೇಲೆ ದೇವರಿದ್ದಾನೆ’ ಎಂಬ ಮಾತು ಮೈದಾನದಲ್ಲಿ ದಿನಾ ಕೇಳುತ್ತದೆ. ಲೆಕ್ಕ ಹಾಕಿ. 5:10 ಅಂದರೆ 400 ಮೀಟರಿನ ಸುತ್ತಿಗೆ ಎಪ್ಪತ್ತೇಳೂವರೆ ಸೆಕೆಂಡ್. ಆ ಶಕ್ತಿಯ ಹುಡುಗ 78, 78, 78, 76 ಓಡಿದರೆ ಸರಿಯಾಗಿ 5:10ಕ್ಕೆ ಮುಟ್ಟುತ್ತಾನೆ. ಅದೇ ಹುಡುಗ ಸೀಟಿ ಊದಿದ ಕೂಡಲೇ ಎದ್ದುಬಿದ್ದು 66ಕ್ಕೆ ಮೊದಲ ಸುತ್ತು ಮುಗಿಸಿದರೆ ಮುಂದೆ 76, 86, 88. ಒಟ್ಟು 5:16, ಪೂರ್ತಿ ಅಂಕ ಹೋಯಿತು. ಮೊದಲ ಸುತ್ತಿನಲ್ಲಿ ಅವನ ಹೆಸರು ಕೂಗಿ ಚಪ್ಪಾಳೆ ಹೊಡೆದವರು ಕೊನೆಯ ಸುತ್ತಿನಲ್ಲಿ ಇರುವುದಿಲ್ಲ. ಶ್ರೀರಾಮ್ ಸಿಂಗ್ ಉದಾಹರಣೆ ಕೊಡುವವರಿದ್ದಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಫೈನಲಿನಲ್ಲಿ ಮೊದಲ ಸುತ್ತಿಗೆ ಮುಂದಾಳಾಗಿ ಓಡಿ, ಏಳನೆಯವನಾದರೂ 1:45.77ರ ಓಟದಿಂದ 2018ರ ತನಕ, ಜಿನ್ಸನ್ ಜಾನ್ಸನ್ ಬರುವವರೆಗೆ, ದೇಶದ ದಾಖಲೆ ತನ್ನ ಹೆಸರಿನಲ್ಲಿಟ್ಟುಕೊಂಡ ಧೀರ. ಆದರೆ ಅದು 800. ಎರಡೇ ಸುತ್ತಿನ ಓಟ, ಮೊದಲ ಸುತ್ತು ಕೊಂಚ ವೇಗವಾದರೂ ತಡೆದುಕೊಳ್ಳುತ್ತದೆ. ನಾಲ್ಕು ಸುತ್ತಿನ ಓಟ ಆ ಸಲಿಗೆ ಕೊಡುವುದಿಲ್ಲ. ಇಷ್ಟು ವರ್ಷದಿಂದ ಟ್ರಯಲ್ ಓಡಿಸುತ್ತ ಬಂದವರು ಒಂದೊಂದು ಸುತ್ತಿನ ಟೈಮಿಂಗ್ ಬೇರೆಬೇರೆ ಬರೆದಿಟ್ಟುಕೊಂಡಿದ್ದರೆ ಇದು ಅವರಿಗೇ ಕಾಣುತ್ತಿತ್ತು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕೆಟ್ಟದು. ಮಹಾರಾಷ್ಟ್ರದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು ಸರಕಾರದ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಇಲ್ಲದ ಹುಡುಗಿ 800 ಮೀಟರನ್ನು ದಿನಾ ಜೀವ ಬಿಟ್ಟು ಓಡಿದರೆ ಏನಾದೀತು? ಟೈಮಿಂಗ್ ನಿಂತಲ್ಲೇ ನಿಲ್ಲುತ್ತದೆ, ‘ಮನಸ್ಸಿಲ್ಲ’ ಎಂದು ಬೈಸಿಕೊಳ್ಳುತ್ತಾಳೆ. ಉಣ್ಣುವುದು ಸಾಲದೆ ತಿಂಗಳ ಮುಟ್ಟು ನಿಂತುಹೋದರೆ ಅದನ್ನು ಗಂಡಸು ಕೋಚ್ ಮುಂದೆ ಹೇಳುವ ಮಾತೇ ಇಲ್ಲ. ಹೇಳಿದರೂ ಅದು ಎಲುಬು ಸವೆಯುವ ಮುನ್ಸೂಚನೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ವಿಲಿಯಂ ವಾನ್‌ಲೆಸ್ 1890ರ ದಶಕದಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ ಡಾಕ್ಟರರ ಊರು. ಕರ್ನಾಟಕದ ರೋಗಿಗಳೆಲ್ಲ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಆ ಊರಿನ ಮಗ್ಗುಲಿಗೇ ಇರುವ ಅಕಾಡೆಮಿಗಳಿಗೆ ಮೂರು ತಿಂಗಳಿಗೊಮ್ಮೆ ಹುಡುಗಿಯರ ರಕ್ತ ಪರೀಕ್ಷೆ ಮಾಡಿಸುವುದು ಅಷ್ಟು ದೊಡ್ಡ ಕೆಲಸವೇ?

‘ನಮಗೆ ಟೈಮ್ ಎಲ್ಲಿದೆ ಸಾಹೇಬರೆ, ಜಾಹೀರಾತು ಬಂದು ಮೂರು ತಿಂಗಳಿಗೆ ಗ್ರೌಂಡ್’ ಎಂಬುದು ಕಡೆಯ ಅಸ್ತ್ರ. ಈ ಹುಡುಗರು ಜಾಹೀರಾತಿಗೆ ಕಾಯುವುದೇ ವರ್ಷ, ಎರಡು ವರ್ಷ. ಕಾಯುವ ಆ ಕಾಲವೇ ಬುನಾದಿಯ ಕಾಲ. ಅದನ್ನು ಟ್ರಯಲ್‌ಗಳಲ್ಲಿ ಸುಟ್ಟುಬಿಟ್ಟು ಕೊನೆಗೆ ಟೈಮ್ ಇಲ್ಲ ಎನ್ನುವುದು ಯಾವ ನ್ಯಾಯ? ಅವಸರದ ಬೆಲೆ ಎಷ್ಟು ಎಂಬುದು 2024ರ ಆಗಸ್ಟಿನಲ್ಲಿ ಝಾರ್ಖಂಡದಲ್ಲಿ ಕಂಡಿತು. ಅಬಕಾರಿ ಕಾನ್‌ಸ್ಟೇಬಲ್ ಭರತಿಯ ಹತ್ತು ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಉಮೇದುವಾರರು ಸತ್ತರು. ಅವರು ಏಕೆ ಸತ್ತರು ಎಂಬುದಕ್ಕೆ ಬಿಸಿಲು, ವ್ಯವಸ್ಥೆ, ತಯಾರಿ ಎಂದು ನೂರು ವಾದ ನಡೆದವು. ‘ಜೀವ ಹೋದರೂ ನಿಲ್ಲಬೇಡ’ ಎಂದು ಕಲಿಸುವ ಪದ್ಧತಿ ಆ ವಾದದಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ನನಗೆ ಅಚ್ಚರಿಯಾದದ್ದು ಅದಕ್ಕೆ.

ಹಾಗಾದರೆ ಹೇಗೆ ಓಡಿಸಬೇಕು? ಗುಟ್ಟೇನೂ ಇಲ್ಲ. ಮೊದಲ ಎರಡು ಮೂರು ತಿಂಗಳು ವಾರಕ್ಕೆ ಐದು ದಿನ ಹಗುರ ಓಟ, ಇಪ್ಪತ್ತು ನಿಮಿಷದಿಂದ ಶುರುವಾಗಿ ಮೆಲ್ಲಗೆ ಐವತ್ತಕ್ಕೆ. ಡಾಂಬರು ಬಿಟ್ಟು ಕಾಲುವೆ ಪಕ್ಕದ ಮಣ್ಣಿನ ದಾರಿಯಲ್ಲಾದರೆ ಎಲುಬಿಗೆ ಒಳ್ಳೆಯದು. ಎರಡು ದಿನ ಓಟ ಮುಗಿದ ಮೇಲೆ ನೂರು ಮೀಟರಿನ ಐದಾರು ಚುರುಕು ಓಟ. ಕಾಲು ವೇಗ ಮರೆಯದಿರಲು ಇಷ್ಟು ಸಾಕು. ಭೋಸೆಯ ದಂಡೋಬಾ ಗುಡ್ಡ ಹತ್ತಿರವಿದ್ದವರು ವಾರಕ್ಕೊಮ್ಮೆ ಏರು ಓಡಬಹುದು, ಕಾಲಿಗೆ ಬಲ ಬರುತ್ತದೆ, ಪೆಟ್ಟು ಕಮ್ಮಿ. ಇಷ್ಟು ಆದಮೇಲೆ ವಾರದಲ್ಲಿ ಎರಡೇ ಕಠಿಣ ದಿನ: ಒಂದು ದಿನ ಇಪ್ಪತ್ತು ನಿಮಿಷ ಬಿಗಿಯಾಗಿ, ಆದರೆ ಉಸಿರು ಕೈಮೀರದ ಹಾಗೆ, ಇನ್ನೊಂದು ದಿನ 78 ಸೆಕೆಂಡಿಗೆ ಒಂದರಂತೆ ಐದಾರು ಸುತ್ತು, ನಡುವೆ ಎರಡು ಮೂರು ನಿಮಿಷ ನಡಿಗೆ. ಟ್ರಯಲ್ ತಿಂಗಳಿಗೊಂದು. ಭರತಿಗೆ ಹತ್ತು ದಿನ ಇರುವಾಗ ಅರ್ಧಕ್ಕಿಳಿಸಿ. ರಾತ್ರಿ ಎಂಟು ಗಂಟೆ ನಿದ್ದೆ, ರೊಟ್ಟಿ, ಬೇಳೆ, ಶೇಂಗಾ, ಸಾಧ್ಯವಾದರೆ ಮೊಟ್ಟೆ. ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುತ್ತಿದೆಯೆಂದರೆ ಓಟ ಬಂದ್, ಡಾಕ್ಟರರ ಕಡೆ ನಡೆಯಿರಿ.

ಇಷ್ಟು ಸುಲಭವಾಗಿದ್ದರೆ ದಿನಾ ಟ್ರಯಲ್ ಪದ್ಧತಿ ಇನ್ನೂ ಏಕೆ ಉಳಿದಿದೆ? ಫ್ಲೆಕ್ಸಿನ ದೆಸೆಯಿಂದ. ಭರತಿ ಮುಗಿದ ವಾರ ಬಸ್‌ಸ್ಟ್ಯಾಂಡ್ ಎದುರು ಎದ್ದು ನಿಲ್ಲುವ ಫ್ಲೆಕ್ಸ್ ನೋಡಿದ್ದೀರಲ್ಲ. ನಡುವೆ ಸಂಸ್ಥಾಪಕರ ದೊಡ್ಡ ಫೋಟೋ, ಸುತ್ತ ಪಾಸಾದ ಹುಡುಗರ ಪುಟ್ಟ ಫೋಟೋಗಳು, ಕೊರಳಿಗೆ ಹಾರ, ಹಣೆಗೆ ಗುಲಾಲು. ನೂರು ಮಂದಿಯನ್ನು ಜಜ್ಜಿ ಉಳಿದ ಹನ್ನೆರಡು ಗಟ್ಟಿ ಎಲುಬಿನವರನ್ನು ಫ್ಲೆಕ್ಸಿಗೆ ಹಾಕಿದರೆ ಆ ಪದ್ಧತಿ ಗೆದ್ದಂತೆಯೇ ಕಾಣುತ್ತದೆ. ಆ ಹನ್ನೆರಡು ಮಂದಿ ಹೇಗೆ ಓಡಿಸಿದ್ದರೂ ಪಾಸಾಗುತ್ತಿದ್ದರು. ಉಳಿದ ಎಂಬತ್ತೆಂಟು ಮಂದಿ ತಮ್ಮಲ್ಲೇ ಕಸುವಿಲ್ಲ ಎಂದು ನಂಬಿ, ಕಟ್ಟಿದ ಫೀಯ ಲೆಕ್ಕ ಕೇಳದೆ, ದ್ರಾಕ್ಷಿ ತೋಟದ ಕೂಲಿಗೆ ಹೋಗುತ್ತಾರೆ. ಅವರ ಪಟ್ಟಿಯನ್ನು ಯಾರೂ ಇಡುವುದಿಲ್ಲ.

ಆದ್ದರಿಂದ ಮಿರಜ ಪೂರ್ವಭಾಗದ, ಜತ್ತಿನ, ಅಥಣಿ-ಚಿಕ್ಕೋಡಿ ಕಡೆಯ ತಂದೆತಾಯಿಯರಲ್ಲಿ ಒಂದು ಕೋರಿಕೆ. ಮಗನನ್ನೋ ಮಗಳನ್ನೋ ಅಕಾಡೆಮಿಗೆ ಸೇರಿಸಲು ಹೋದಾಗ ಫ್ಲೆಕ್ಸ್ ನೋಡಿ ಹಣ ಎಣಿಸಬೇಡಿ. ಕುರ್ಚಿಯಲ್ಲಿ ಕೂತವರಿಗೆ ಮೂರು ಪ್ರಶ್ನೆ ಹಾಕಿ: ಹೋದ ವರ್ಷ ಎಷ್ಟು ಮಂದಿ ಸೇರಿದ್ದರು, ಅದರಲ್ಲಿ ಎಷ್ಟು ಮಂದಿ ಕಾಲು ನೋವೆಂದು ನಡುವೆಯೇ ಮನೆಗೆ ಹೋದರು, ವಾರದಲ್ಲಿ ಎಷ್ಟು ದಿನ ಟ್ರಯಲ್ ಓಡಿಸುತ್ತೀರಿ? ಮೂರನೆಯದಕ್ಕೆ ‘ದಿನಾ’ ಎಂಬ ಉತ್ತರ ಹೆಮ್ಮೆಯಿಂದ ಬಂದರೆ, ಆ ಹಣದಲ್ಲಿ ಒಂದು ಜೊತೆ ಒಳ್ಳೆಯ ಬೂಟು ಕೊಡಿಸಿ, ಉಳಿದದ್ದಕ್ಕೆ ಮೊಟ್ಟೆ, ಶೇಂಗಾ ತಂದು, ಮಕ್ಕಳನ್ನು ಊರಲ್ಲೇ ಓಡಲು ಬಿಡಿ.